ಲಾಟ್ ಇನ್ನೂರ ಹದಿನೇಳು

ಹರಾಜು ನಾಳೆ. ಇವತ್ತು ನೋಡುವ ದಿನ.
ಫೋರ್ಟಿನ ಹಳೇ ಕಟ್ಟಡ, ಮೂರನೇ ಮಾಳಿಗೆ,
ಜಾಲರಿ ಬಾಗಿಲ ಲಿಫ್ಟು; ಲಿಫ್ಟಿನವನು ಊಟಕ್ಕೆ ಹೋಗಿದ್ದ.
ಮೂವತ್ತೊಂದು ವರ್ಷ ಡಬಲ್ ಡೆಕ್ಕರಿನ
ಮೇಲೆ ಕೆಳಗೆ ಹತ್ತಿಳಿದ ಮೊಣಕಾಲು
ಈಗ ಮೆಟ್ಟಿಲಿಗೊಂದು ಟಿಕೆಟು ಕೇಳುತ್ತದೆ.

ಒಳಗೆ ಹಸಿರು ಬನಾತು, ಬಗ್ಗಿದ ಬೆನ್ನುಗಳು.
ಕಪಾಡಿಯಾ ಸೇಠರು ಅರವತ್ತು ವರ್ಷ ಕೂಡಿಟ್ಟದ್ದು
ನಾನೂರ ಹನ್ನೆರಡು ಲಾಟುಗಳಾಗಿ
ಪ್ಲಾಸ್ಟಿಕ್ ಕಿಟಕಿಗಳಿಗೆ ಮುಖ ಒತ್ತಿ ಕೂತಿದೆ.
ಪುಣೆಯ ಹಲ್ಲಿನ ಡಾಕ್ಟರು ಖಾಸ್ಗೀವಾಲೆ
ಶಿವರಾಯಿಯ ಅಂಚಿಗೆ ಬೆಳಕು ಬಿಟ್ಟು ನೋಡುತ್ತಾರೆ,
‘ಬಾಯಿ ತೆಗಿ’ ಅನ್ನುವುದೊಂದು ಬಾಕಿ.
ಮಡಗಾಂವಿನಿಂದ ರಾತ್ರಿ ರೈಲಿಗೆ ಬಂದ ಮಿನೇಜಿಸ್
ಪೋರ್ಚುಗೀಸರ ಬೆಳ್ಳಿಯತ್ತ ತಿರುಗಿಯೂ ನೋಡುತ್ತಿಲ್ಲ.
ಬೇಕು ಅನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.
ಇಲ್ಲಿ ಎಲ್ಲರೂ ಬೇಡದ್ದನ್ನೇ ಹೆಚ್ಚು ಹೊತ್ತು ನೋಡುವವರು.
ನಾನೂ ಮೊದಲು ಮೊಘಲರ ತಟ್ಟೆ ತರಿಸಿದೆ, ತಲೆದೂಗಿದೆ,
ಆಮೇಲೆ ಏನೋ ನೆನಪಾದವನ ಹಾಗೆ:
‘ಇನ್ನೂರ ಹದಿನೇಳು.’

ಕೈಗವಸಿನ ಹುಡುಗಿ ತಂದಿಟ್ಟಳು.
ಕಿರುಬೆರಳ ಉಗುರಿನಷ್ಟು ಹೊನ್ನು.
ಒಂದು ಮಗ್ಗುಲಲ್ಲಿ ಸವೆದ ಸಿಂಹ, ನಾಯಿಯೆಂದರೂ ನಡೆದೀತು.
ಇನ್ನೊಂದರಲ್ಲಿ ಬರಹ. ಅಚ್ಚು ಜಾರಿದೆ;
ಟಂಕಸಾಲೆಯವನಿಗೆ ಅವತ್ತು ಏನು ಅವಸರವೋ.
ಕ್ಯಾಟಲಾಗು ಹೇಳುತ್ತದೆ: ದಕ್ಷಿಣದ್ದು, ಅಕ್ಷರ ಓದಲಾಗಿಲ್ಲ,
ಅಂದಾಜು ಅರವತ್ತು ಸಾವಿರ.
ನನ್ನ ಹತ್ತಿರ ಎಪ್ಪತ್ತೆರಡು.
ಮುರಿಸಿದ ಠೇವಣಿಯ ವಿಷಯ ನೀಲವ್ವಗೆ ಗೊತ್ತು;
ಗೊತ್ತಿಲ್ಲದವಳ ಹಾಗೆ ರೊಟ್ಟಿ ಬಡಿಯುತ್ತಾಳೆ,
ತುಸು ಜೋರಾಗಿ.

ಈ ಊರಲ್ಲಿ ನನ್ನ ಅಕ್ಷರ ನಾನು ಕಂಡದ್ದು
ಗೋಡೆಯ ಪಂಚಾಂಗದಲ್ಲಿ, ಅವಳ ಕಿರಾಣಿ ಚೀಟಿಯಲ್ಲಿ.
ಈಗ ಭೂತಗನ್ನಡಿಯ ಕೆಳಗೆ, ಚಿನ್ನದಲ್ಲಿ
ದುಂಡಗೆ, ಗಿಡ್ಡಗೆ, ಎರಡೇ ಎರಡು: ಗೊಂಡ.

‘ಕಂಡಕ್ಟರ್ ಸಾಹೇಬ್,’ ಬೆನ್ನ ಹಿಂದೆ ಜಯಸುಖಭಾಯಿ,
ಏಲಕ್ಕಿ ವಾಸನೆಯ ಉಸಿರು ಕಿವಿಯ ಹತ್ತಿರ,
‘ನಿಮ್ಮ ಕಡೆಯದಲ್ಲವಾ ಇದು? ಏನು ಬರೆದಿದೆ?’

ಸುಳ್ಳೊಂದು ಬಂದು ನಿಂತಿತ್ತು ಆಗಲೇ
ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಲ್ಲಿ.
ಬರೀ ಗೆರೆ ಅನ್ನಬಹುದಿತ್ತು. ತೆಲುಗಿರಬೇಕು ಅನ್ನಬಹುದಿತ್ತು.
ಒಳಗೆ ಬಾ ಅನ್ನಲಿಲ್ಲ, ಇಳಿ ಅನ್ನಲಿಲ್ಲ,
ಗಂಟೆಯ ಹಗ್ಗ ಕೈಯಲ್ಲೇ ಇತ್ತು.

ಆದರೆ ಎಂಟುನೂರೋ ಒಂಬೈನೂರೋ ವರ್ಷ
ಯಾರಾದರೂ ಓದಲಿ ಎಂದು ಕಾದದ್ದು
ಓದುವವನ ಕೈಗೇ ಬಂದಾಗ
ಬಾಯಿ ನನ್ನ ಮಾತು ಕೇಳಲಿಲ್ಲ.
‘ಗೊಂಡ,’ ಎಂದೆ. ಜೋರಾಗಿಯೇ ಎಂದೆನೇನೋ.
‘ಅಂದರೆ?’
‘ತೆಗೆದುಕೊಂಡವನು. ಗೆದ್ದವನು.’
‘ಏನನ್ನ?’
‘ಊರಿನ ಹೆಸರು ಇರಬೇಕಿತ್ತು. ಅಂಚಿನಾಚೆ ಬಿದ್ದು ಹೋಗಿದೆ.’

ಡಾಕ್ಟರ ಪೆನ್ನು ಜೇಬಿನಿಂದ ಬಂತು.
ಮಿನೇಜಿಸ್ ಮೊದಲ ಸಲ ಈ ಕಡೆ ತಿರುಗಿದ.
ಖೊಟ್ಟಿ ಎಂಟಾಣೆ ಚರ್ಮದ ಚೀಲಕ್ಕೆ ಬಿದ್ದರೆ
ಗದ್ದಲದಲ್ಲೂ ಹಿಡಿಯುತ್ತಿದ್ದ ಈ ಕಿವಿಗೆ
ಬೆಲೆ ಏರಿದ ಸದ್ದು ಕೇಳದೆ ಇರುತ್ತದೆಯೇ?
ಎಪ್ಪತ್ತೆರಡು ಸಾವಿರ ನನ್ನ ಜೇಬಿನಲ್ಲೇ ಚಿಲ್ಲರೆಯಾಯಿತು.

ಕೊಂಡ ಅನ್ನುವುದೇ ಗೊಂಡ.
ಇಂಡಿಯ ಶಾಲೆಯಲ್ಲಿ ಬಿರಾದಾರ ಮಾಸ್ತರು
ಮಳೆ, ಕಾಲ, ಮಳೆಗಾಲ ಎಂದು ಬೆತ್ತದಿಂದ ಕಲಿಸಿದ್ದು,
ಆದೇಶ ಸಂಧಿ: ಮುಂದೊಂದು ಪದ ನಿಂತಿದ್ದರೆ
ಕಕಾರ ಮೆತ್ತಗಾಗುತ್ತದೆ.
ನಾಳೆ ಹತ್ತೂವರೆಗೆ ಸುತ್ತಿಗೆ ಬೀಳುವಾಗ
ಯಾವ ಊರೂ ಮುಂದಿರುವುದಿಲ್ಲ.
ಅವನು ಬರೀ ಕೊಂಡ. ಗಟ್ಟಿ ಕಕಾರ.

ಆದರೂ ಬರುತ್ತೇನೆ.
ಹೆಸರು ಬರೆಸಿದೆ; ಕೈ ಎತ್ತಲು ಹಲಗೆ ಕೊಟ್ಟರು,
ಎಂಬತ್ತೆಂಟು.

ಮನೆಗೆ ಬಸ್ಸು. ಕಿಟಕಿ ಪಕ್ಕ ಸೀಟು.
ಕಂಡಕ್ಟರ್ ಹುಡುಗ ಯಂತ್ರ ಒತ್ತಿ ಚೀಟಿ ಹರಿದ,
ಎರಡು ರೂಪಾಯಿ ಚಿಲ್ಲರೆ ಇಲ್ಲ ಕಾಕಾ, ಅಂದ.
ಅವನ ಚೀಲ ಗಲಗಲ ಅನ್ನುತ್ತಿತ್ತು.
ಇರಲಿ, ಅಂದೆ,
ಇಟ್ಟುಕೋ.