ಉಳಿದ ಮಾತ್ರೆ: ಸೊನ್ನೆ

ಎಣಿಸುವುದು ನನ್ನ ಕೆಲಸ.
ಹದಿನಾಲ್ಕನೆಯ ದಿನ ಡಬ್ಬಿ ತರುತ್ತಾರೆ.
ಸ್ಟೀಲು ತಟ್ಟೆಗೆ ಸುರಿದು, ಐಸ್‌ಕ್ರೀಮ್ ಕಡ್ಡಿಯಿಂದ
ಎರಡೆರಡಾಗಿ ಸರಿಸುತ್ತೇನೆ.
ಉಳಿದದ್ದು ನುಂಗದ್ದು.
ನುಂಗದ್ದೆಲ್ಲ ಕಾಗದಕ್ಕೆ.

ಬಳ್ಳಾರಿಯ ಏಪ್ರಿಲ್ಲು. ಊರ ನಡುವಿನ ಬಂಡೆಗುಡ್ಡ
ಹತ್ತು ಗಂಟೆಗೇ ರೊಟ್ಟಿ ಹಂಚು.
ಫ್ಯಾನು ಹಾಕಿದರೆ ಕಾಗದ ಹಾರುತ್ತವೆ,
ಆರಿಸಿದರೆ ನಾವು ಬೇಯುತ್ತೇವೆ.

ನಲವತ್ತೇಳನೆಯವಳು ಮಾಬುನ್ನಿ.
ಕೌಲ್ ಬಜಾರಿನ ಶೆಡ್ಡಿನಲ್ಲಿ ಜೀನ್ಸಿಗೆ ಜಿಪ್ಪು ಹಚ್ಚುತ್ತಾಳೆ,
ದಿನಕ್ಕೆ ಇನ್ನೂರು. ಉಗುರ ಸಂದಿಯ ನೀಲಿ
ಯಾವ ಸೋಪಿಗೂ ಜಗ್ಗಿಲ್ಲ.
ಮೊದಲ ದಿನ ಕೇಳಿದ್ದೆ: ನೋವು ಎಲ್ಲಿ?
ಕಿಬ್ಬೊಟ್ಟೆ ಮುಟ್ಟಲಿಲ್ಲ. ಗೋಡೆಯ ಚಿತ್ರದಲ್ಲಿ
ಗರ್ಭಕೋಶದ ಆಚೀಚೆಯ ನಾಳ ತೋರಿಸಿದಳು:
"ಈ ಎರಡೂ ಕೈ, ಅಕ್ಕಾ. ಕೊಡ ಹೊತ್ತಂಗೆ ಜಗ್ತಾವ."
ಯಾವಾಗಿನಿಂದ?
"ಆಚೆ ವರ್ಷದ ಪೀರಲ ಹಬ್ಬಕ್ಕ ಸುರುವಾತು."
ಪೀರಲ ಹಬ್ಬಕ್ಕೆ ಕಾಗದದಲ್ಲಿ ಜಾಗವಿಲ್ಲ;
ಬೆರಳು ಮಡಿಚಿ, ಹದಿನಾರು ತಿಂಗಳೆಂದು ಬರೆದೆ.

ಸಂಶೋಧನೆಯ ಪ್ರಶ್ನೆ ಇಷ್ಟೆ.
ಎಲ್ಲರಿಗೂ ಒಂದು ಸೂಜಿ, ಎರಡು ವಾರದ ಕ್ಯಾಪ್ಸೂಲು.
ಅರ್ಧ ಜನಕ್ಕೆ ಮೇಲೊಂದು ಬಿಳಿ ಮಾತ್ರೆ,
ಉಳಿದವರಿಗೆ ಅದೇ ಬಿಳುಪಿನ ಬರೀ ಹಿಟ್ಟು.
ಯಾರಿಗೆ ಯಾವುದೆಂದು ಅವಳಿಗೆ ತಿಳಿಯದು, ನನಗೆ ತಿಳಿಯದು,
ಡಾಕ್ಟರಮ್ಮನಿಗೂ. ತಿಳಿದಿರುವುದು ಒಂದು ಬೀಗಕ್ಕೆ;
ಅದು ಬೇರೆ ಊರಲ್ಲಿದೆ.

ಇವತ್ತು ಡಬ್ಬಿ ಖಾಲಿ.
ತಟ್ಟೆಯಲ್ಲಿ ನನ್ನದೇ ಮುಖ.
ಇಷ್ಟು ದುಂಡನೆಯ ಸೊನ್ನೆ
ಈ ತಿಂಗಳು ಬರೆದೇ ಇರಲಿಲ್ಲ.
ತೊಂದರೆ ಏನಾದರೂ?
"ಬಾಯಿ, ಅಕ್ಕಾ. ಅದಿರಿನ ಲಾರಿ ಹಿಂದ
ಬಾಯಿ ತಕ್ಕಂಡು ನಡದಂಗ.
ರೊಟ್ಟಿ ಕಡದ್ರೂ ಕಬ್ಬಿಣ, ಚಾ ಕುಡದ್ರೂ ಕಬ್ಬಿಣ."

ನಾನು ತಲೆಯೆತ್ತಲಿಲ್ಲ.
ಹಿಟ್ಟಿಗೆ ಆ ರುಚಿ ಇರುವುದಿಲ್ಲ.
ಬೇರೆ ಊರಿನ ಬೀಗ ನನ್ನ ಮೇಜಿನ ಮೇಲೇ ಬಿಚ್ಚಿಕೊಂಡಿತು.
ಕಾಣದವಳಂತೆ ಬರೆದೆ: ಲೋಹದ ರುಚಿ, ಅಲ್ಪ.

ಆಗ ಬಾಗಿಲಲ್ಲಿ ಛತ್ರಿ ಮಡಿಚುತ್ತಿದ್ದ ನಾದಿನಿ,
ಖಾಸಿಂಬಿ, ಗುಂಡಿ ಹಾಕುವವಳು,
ಶೆಡ್ಡಿಗೆ ಕರೆಂಟಿಲ್ಲವೆಂದು ಜೊತೆಗೆ ಬಂದವಳು, ಅಂದಳು:
"ಹೌದು ಬೇ, ನನ್ನ ಬಾಯೂ ಹಂಗೇ."

ಫ್ಯಾನಿನ ಸದ್ದು.

"ಆಕಿಗೂ ಅದೇ ನೋವು," ಮಾಬುನ್ನಿ ಸೆರಗಿನ ತುದಿ ಹಿಂಡಿದಳು.
"ಇಬ್ರಿಗೂ ಒಂದೇ ದಿನ ರಜಾ ಕೊಡಂಗಿಲ್ಲ.
ಮುಂಜಾನಿದು ನಂದು, ರಾತ್ರಿದು ಆಕೀದು."

ಗದರಿದೆ. ಗದರಲೇಬೇಕಿತ್ತು.
ಅರ್ಧ ಔಷಧಿ ಹುಳ ಕೊಲ್ಲುವುದಿಲ್ಲ,
ಪಳಗಿಸುತ್ತದೆ, ಅಂದೆ.
ಗಂಡನಿಗೆಂದು ಕಟ್ಟಿಕೊಟ್ಟ ಪೊಟ್ಟಣ?
ಗೂಡಿನಲ್ಲೇ ಇದೆಯಂತೆ, ದಾರವೂ ಬಿಚ್ಚಿಲ್ಲ.
ಈಗ ನೋವು ಹತ್ತರಲ್ಲಿ ಎಷ್ಟು?
ಎಂಟಿದ್ದದ್ದು "ಐದು" ಅಂದಳು.
"ನಂದು ಆರು," ಯಾರೂ ಕೇಳದೆ ಅಂದಳು ಖಾಸಿಂಬಿ.

ಸೊನ್ನೆ ಹೊಡೆದುಹಾಕಿದೆ.
ಕಾರಣದ ಕೆಳಗೆ ಮರೆವು, ವಾಂತಿ, ಕಳೆದುಹೋಯಿತು,
ಕೊನೆಗೆ 'ಇತರೆ', ಅದರ ಮುಂದೆ ಒಂದಿಂಚಿನ ಗೆರೆ.
ಅಲ್ಲಿ ಬರೆದೆ: ನಾದಿನಿ.
ಇನ್ನೇನು ಬರೆದರೂ ಗೆರೆ ದಾಟುತ್ತಿತ್ತು.

ಆಮೇಲೆ ಬೇರೊಂದು ಕಾಗದ ಎಳೆದುಕೊಂಡೆ,
ಸಂಶೋಧನೆಯದಲ್ಲ, ದವಾಖಾನೆಯ ಮಾಮೂಲಿ ಚೀಟಿ,
ನಂಬರಿಲ್ಲದ್ದು. ಕೂತ್ಕೋ, ಅಂದೆ.
ಅವಳು ಕೂರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು.
"ನಂದೂ ನೀನೇ ಎಣಸ್ತೀಯೇನಕ್ಕಾ?"