ಫ್ಲಿಂಡರ್ಸ್ ಕಟ್ಟೆಯ ಕೆಳಗೆ, ನಾಲ್ಕು ಮೀಟರ್

ಮೊದಲ ಸಲ ಸಿಕ್ಕಾಗ
ಕೊಳೆತ ಪಾಚಿಯೆಂದು ಎಸೆದುಬಿಟ್ಟಿದ್ದೆ.
ಡೆಸ್ಮಂಡ್ ನೀರೊಳಗೇ ಬೆರಳಾಡಿಸಿ ಬೈದ.
ಮೂವತ್ತೆಂಟು ವರ್ಷ ಕೊಳಾಯಿ ರಿಪೇರಿ ಮಾಡಿದವನು,
ದಡದಲ್ಲಿ ಅದನ್ನು ಅಂಗೈಯಲ್ಲಿಟ್ಟು ಹೇಳಿದ:
"ನೋಡು ಜಲ್, ತಿರುಪು.
ಇಂಥದ್ದು ಯಾವ ಅಂಗಡಿಯಲ್ಲೂ ಸಿಗಲ್ಲ."

ಜಲಜಾಕ್ಷಿ ನಾನು.
ನನ್ನ ಹೆಸರಿನ ಹುಟ್ಟನ್ನೂ ಕಣ್ಣನ್ನೂ ಕತ್ತರಿಸಿ
ನೀರಷ್ಟನ್ನೇ ಉಳಿಸಿಕೊಂಡಿದ್ದಾನೆ.

ಆಮೇಲೆ ಕಲಿತೆ.
ಕಂದು ಚರ್ಮ, ಸುತ್ತಿ ಸುತ್ತಿ ಚೂಪಾಗಿ ಇಳಿದರೆ
ಪೋರ್ಟ್ ಜಾಕ್ಸನ್.
ಅದೇ ಸುತ್ತು, ತುದಿಗೆ ಬಿಚ್ಚಿದ ಜಡೆಯಂಥ ಎಳೆಗಳಿದ್ದರೆ
ಅದರ ದಾಯಾದಿ, ಸಿಡ್ನಿ ಕಡೆಯದು;
ಇಲ್ಲಿ ಸಿಕ್ಕಿತೆಂದರೆ ಯಾರೂ ನಂಬುವುದಿಲ್ಲ.
ಕೆನೆಬಣ್ಣದ ಸೀಸೆ, ಮೈತುಂಬ ಅಡ್ಡಗೆರೆ,
ಇಪ್ಪತ್ತರ ಹತ್ತಿರ ಎಣಿಕೆ ತಪ್ಪಿದರೆ
ಡ್ರಾಫ್ಟ್‌ಬೋರ್ಡ್.
ಮುತ್ತುಗದ ಎಲೆಯಂತೆ ಚಪ್ಪಟೆ, ಒಂದು ಮಗ್ಗುಲಿಗೆ ರೋಮ:
ಆನೆಮೀನು. ಅದು ಶಾರ್ಕೇ ಅಲ್ಲ, ಆದರೂ ಬರೆದುಕೊಳ್ಳಬೇಕು.

ಗುರುತು ಹಿಡಿಯುವುದು ನನಗೇನು ಹೊಸದೆ?
ಹೇಸ್ಟಿಂಗ್ಸಿನ ನರ್ಸಿಂಗ್ ಹೋಮಿನ ಬಟ್ಟೆಕೋಣೆಯಲ್ಲಿ
ಹೆಸರಿನ ಚೀಟಿ ಕಳಚಿಬಿದ್ದ ಕಾಲುಚೀಲ ಯಾರದೆಂದು
ಹಿಮ್ಮಡಿ ಸವೆದ ಓರೆ ನೋಡಿಯೇ ಹೇಳುತ್ತೇನೆ.

ಮಲ್ಪೆಯಲ್ಲಿ ನಾನು ಬಾಣಂತಿಯಾಗಿದ್ದಾಗ
ದೊಡ್ಡಮ್ಮ ದಿನ ಬಿಟ್ಟು ದಿನ
ಮರಿತಾಟೆಯ ಸಾರು ಬಡಿಸುತ್ತಿದ್ದಳು, ಕಾಳುಮೆಣಸು ಹಾಕಿ.
ಹಾಲು ಇಳಿಯುತ್ತದೆಯಂತೆ. ಇಳಿಯಿತು ಕೂಡ.
ಒಮ್ಮೆ ದೊಡ್ಡದೊಂದನ್ನು ಕೊಯ್ದಾಗ
ಹೊಟ್ಟೆಯೊಳಗೆ ಏಳು, ಹುಣಸೆಕಾಯಿಯಷ್ಟುದ್ದ.
ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ,
ಏಳನ್ನೂ ತೊಳೆದಳು.
ಅವು ಹೆರುವಂಥವು. ಇಲ್ಲಿ ಇವು
ಇಟ್ಟು ಹೋಗುವಂಥವು.
ತಾಟೆಯಲ್ಲೂ ಎರಡು ಬಗೆಯ ತಾಯಂದಿರೆಂದು
ತಿಂದವಳಿಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ. ಸೆಪ್ಟೆಂಬರು, ನೀರು ಹದಿಮೂರು ಡಿಗ್ರಿ.
ಕಂಬಗಳ ನಡುವೆ, ಮರಳಿನ ಮೇಲೆ
ಒಂದು ತಿರುಪು ಉರುಳಾಡುತ್ತಿತ್ತು,
ಅಲೆ ಎತ್ತ ತಳ್ಳಿದರೆ ಅತ್ತ.
ಎತ್ತಿಕೊಂಡೆ.
ತೂಕವಿತ್ತು.

ಡೆಸ್ಮಂಡ್ ಹಿಂದಿನಿಂದ ಟಾರ್ಚು ಹಿಡಿದ.
ಕಡುಚಹಾದ ಬಣ್ಣದೊಳಗೆ
ಒಂದು ಬಾಲ ಎಡಕ್ಕೆ.
ತಡೆದು, ಬಲಕ್ಕೆ.

ಇಟ್ಟ ಮೇಲೆ ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗಿ
ಬಂಡೆಯ ಸಂದಿಗೆ ತಿರುಗಿಸಿ ಕೂರಿಸುತ್ತಾಳಂತೆ.
ಅಂತೆ. ನಾನು ಕಂಡಿಲ್ಲ.
ನನ್ನ ಬಾಯಲ್ಲಿ ಉಸಿರಿನ ನಳಿಗೆ, ಬಾಯಿ ಬಿಡುವಿಲ್ಲ.
ಕೈಯಲ್ಲೇ, ಚೂಪು ತುದಿ ಮೊದಲು,
ಒಂದು ಸುತ್ತು.
ಕೊಳಾಯಿಯವನು ಬೆರಳು ತಿರುಗಿಸಿ ತೋರಿಸಿದ: ಇನ್ನೂ.
ಅರ್ಧ ಸುತ್ತು.
ಥಟ್ಟನೆ ಅಂಗೈ ಅಡ್ಡ ಹಿಡಿದ: ಸಾಕು.
ಬಿಗಿ ಹೆಚ್ಚಾದರೆ ಸೀಳುವುದು
ಪೈಪೊಂದೇ ಅಲ್ಲವಲ್ಲ.

ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ:
ಹೊತ್ತು, ಆಳ, ಜಾತಿ.
ಕೊನೆಗೊಂದು ಪ್ರಶ್ನೆ, ಖಾಲಿಯೋ ತುಂಬಿದೆಯೋ.
ಚಳಿಗೆ ಕೈ ನಡುಗಿ
ಗೀರು ಎರಡರ ಮೇಲೂ ಹಾಯಿತು.

ಮೇಲೆ ಕಟ್ಟೆಯ ಮೇಲೆ, ಟವಲು ಹೊದ್ದು,
ಫ್ಲಾಸ್ಕಿನಿಂದ ನನ್ನ ಲೋಟಕ್ಕೆ ಚಹಾ ಬಗ್ಗಿಸುತ್ತ
ಹಲಗೆ ನೋಡಿ ಡೆಸ್ಮಂಡ್ ಕೇಳಿದ:
"ಇದರಲ್ಲಿ ಯಾವುದು?"

ತುಂಬಿದೆ, ಅಂದೆ.

ಅವನು ಬಗ್ಗಿಸುವುದು ನಿಲ್ಲಿಸಿದ.
ಲೋಟ ಇನ್ನೂ ಅರ್ಧವೂ ಆಗಿರಲಿಲ್ಲ.