ಎಡಗೈ ಉಳಿ

ರಾಮದುರ್ಗದ ಸಂತ್ಯಾಗ ಸಿಕ್ಕದ್ದು,
ಹಳೆ ಕಬ್ಬಿಣದ ರಾಶ್ಯಾಗ, ಲಾಳದ ಕೆಳಗ.
ನಲವತ್ತು ರೂಪಾಯಿ. ಹಿಡಿ ಇರಲಿಲ್ಲ.
ಗೋಕಾಕಕ್ಕ ತಂದು ಜಾಲಿ ಕಟಗಿ ಹಾಕಿದೆ.

ಬೆಳಗಾವಿ ಅಂಗಡಿಯ ಹೊಸಾದನ್ನ ಬಾಜೂಕ ಇಟ್ಟೆ:
ಹಳದಿ ಪ್ಲಾಸ್ಟಿಕ್ ಹಿಡಿ, ಮುಖ ನೋಡಕೊಳ್ಳೂವಷ್ಟು ಹೊಳಪು,
ನಾಕು ಗಿಳಿ ಮುಗಿಯೂದ್ರಾಗ ಬಾಯಿ ಮಡಚತೈತಿ.
ಇದು, ಯಾವನೋ ಕಮ್ಮಾರ ಲಾರಿ ಪಾಟಾ ಬಡಿದು ಮಾಡಿದ್ದು,
ಗೇಣುದ್ದ ಇದ್ದದ್ದು ತೇದು ತೇದು ಬಟ್ಟಿನಷ್ಟಾಗೈತಿ,
ಇನ್ನೂ ಉಗುರ ಮ್ಯಾಲೆ ಊರಿದ್ರ ಜಾರೂದಿಲ್ಲ.

ಆದರ ಬಾಯಿ ಓರೆ.
ನೆಟ್ಟಗ ಮಾಡಾಕಂತ ಸಾಣಿಕಲ್ಲಿನ ಮುಂದ ಕುಂತೆ.
ನೀರು ಹನಿಸಿದೆ. ಕೈ ನಿಂತಿತು.
ತೇದವ ಎಡಚ.
ಮೊಣಕೈ ಎಲ್ಲಿ ಊರತಿದ್ದ,
ಬೆಳಕು ಯಾವ ಕಡೆಯಿಂದ ಬರತಿತ್ತು,
ಎಲ್ಲಾ ಈ ಓರೆಯೊಳಗ ಐತಿ.
ಹೆಸರೊಂದಿಲ್ಲ.

ಹಂಗ ಬಿಟ್ಟೆ.
ಗಿಳಿಯ ಎಡ ರೆಕ್ಕಿ ನನಗ ಯಾವಾಗಲೂ ಕೈ ಕೊಡತಿತ್ತು,
ಎಳಿ ಎದುರಾಗಿ ಸಿಬರು ಏಳತಿತ್ತು.
ಈಗ ಆ ರೆಕ್ಕಿ ಅವನ ಪಾಲು.

ಸಂಜೀಕ ತಂಗಿ ಮಗ ಮೌನೇಶಗ ಹೇಳಿಕೊಡತೇನಿ:
ಕುಸುಬಿ ಎಣ್ಣಿ ಹಚ್ಚಬ್ಯಾಡೋ, ಒಣಗಿ ಅಂಟಾಗತೈತಿ,
ಕೊಬ್ಬರಿ ಎಣ್ಣಿ, ಎರಡ ಹನಿ, ಸಾಕು.
ಅಥಣಿ ಚಪ್ಪಲಿಯ ಹಳೆ ಅಟ್ಟಿ ಮ್ಯಾಲೆ ಎಳಿ.
ಹಿಂದಕ್ಕ ಎಳಿ, ಮುಂದ ನೂಕಿದ್ರ ಚರ್ಮ ಹರೀತೈತಿ.

“ಯಾವ ಕೈಲೆ, ಮಾಮಾ?”

ಮೊಳಿಗೆ ತೂಗಹಾಕಿದ್ದ ಬಲ್ಬು
ಬಿಚ್ಚಿ ಆ ಕಡೆ ಗ್ವಾಡಿಗೆ ಹಾಕಿದೆ.